ಮನಸ್ಸಿನ ವಿದ್ಯೆಗೆ ಯಾವ ವಿಶ್ವವಿದ್ಯಾನಿಲಯ?

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ಮರುದಿನದಿಂದಲೇ ನಮ್ಮ ಮನೆಗಳಲ್ಲಿ ಸಮಾಲೋಚನೆ ಆರಂಭವಾಗುತ್ತದೆ. ವಿಜ್ಞಾನ ಕಲಿತ ಮಕ್ಕಳ ಹೆತ್ತವರಿಗೆ ನೀಟ್ ಮತ್ತು ಸಿಇಟಿಯ ದಾರಿ ಗೊತ್ತಿರುತ್ತದೆ. ವಾಣಿಜ್ಯ ಕಲಿತವರಿಗೆ ಬಿ.ಕಾಂ. ಇದ್ದೇ ಇದೆ. ಕಲಾ ವಿಭಾಗದ ಮಕ್ಕಳ ಬಗ್ಗೆ ಮಾತ್ರ ಹೆತ್ತವರಲ್ಲಿ ಅಂತಹ ಯಾವ ನಕ್ಷೆಯೂ ಇರುವುದಿಲ್ಲ. 'ಬಿ.ಎ. ತಾನೇ, ಎಲ್ಲಿ ಕಲಿತರೇನು?' ಎಂಬ ಉದಾಸೀನದಲ್ಲಿ ವಿಷಯ ಮುಗಿದು ಹೋಗುತ್ತದೆ. ಆದರೆ ಕೆಲವು ವರ್ಷಗಳಿಂದ ಈ ಉದಾಸೀನಕ್ಕೆ ಒಂದು ಸವಾಲು ಎದುರಾಗಿದೆ. ಕೊಪ್ಪ ತಾಲೂಕಿನ ಕಮ್ಮರಡಿಯಂತಹ ಮಲೆನಾಡಿನ ಪುಟ್ಟ ಪೇಟೆಯ ಮನೆಯಲ್ಲೂ ಇಂದು ಮಗಳು, 'ಅಬ್ಬಾ, ನಾನು ಸೈಕಾಲಜಿ ಕಲಿಯುತ್ತೇನೆ' ಎನ್ನುತ್ತಾಳೆ. ಅಡಿಕೆ ವ್ಯಾಪಾರವೋ ಬಟ್ಟೆಯಂಗಡಿಯೋ ನೋಡಿಕೊಂಡಿರುವ ಆ ತಂದೆಗೆ ಮಗಳ ಆಸೆ ಅರ್ಥವಾಗುತ್ತದೆ, ದಾರಿ ಅರ್ಥವಾಗುವುದಿಲ್ಲ. ಆತ ಕಂಡಕಂಡವರಲ್ಲಿ ಕೇಳುವುದು ಒಂದೇ ಪ್ರಶ್ನೆ: ಇದಕ್ಕೆ ಒಳ್ಳೆಯ ಯುನಿವರ್ಸಿಟಿ ಯಾವುದು?

ಈ ಪ್ರಶ್ನೆಯನ್ನು ನಾವು ಗೌರವದಿಂದಲೇ ಎತ್ತಿಕೊಳ್ಳುತ್ತಿದ್ದೇವೆ. ಆದರೆ ಅದಕ್ಕೂ ಮೊದಲು ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ. ಮನಶ್ಶಾಸ್ತ್ರದ ಪದವಿ ಮಗಳನ್ನು ಎಲ್ಲಿಗೆ ತಲುಪಿಸಬೇಕು? ಅದು ತಿಳಿಯದೆ ವಿಶ್ವವಿದ್ಯಾನಿಲಯವನ್ನು ಆರಿಸುವುದೆಂದರೆ ಇಳಿಯುವ ಊರು ಯಾವುದೆಂದು ಗೊತ್ತಿಲ್ಲದೆ ಬಸ್ಸಿನ ಸೀಟು ಆರಿಸಿದಂತೆ.

ಈ ವಿದ್ಯೆಯನ್ನು ನಮ್ಮ ಸಮುದಾಯ ಯಾಕೆ ಗಂಭೀರವಾಗಿ ಪರಿಗಣಿಸಬೇಕು ಎಂಬುದಕ್ಕೆ ಒಂದು ಕಹಿ ಘಟನೆಯನ್ನು ನೆನಪಿಸಬೇಕಾಗಿದೆ. 2001ರ ಆಗಸ್ಟ್ 6ರ ಮುಂಜಾವ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾದ ಆಸರೆಯಲ್ಲಿ ಬೆಳೆದಿದ್ದ ಖಾಸಗಿ ಮನೋರೋಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿತ್ತು. ಅಲ್ಲಿದ್ದ ರೋಗಿಗಳು ಸರಪಳಿಯಲ್ಲಿ ಬಂಧಿತರಾಗಿದ್ದರು. ಓಡಿ ಪಾರಾಗಲು ಅವರಿಗೆ ಸಾಧ್ಯವಾಗಲಿಲ್ಲ. 28 ಮಂದಿ ಸತ್ತರು. ಸುಪ್ರೀಮ್ ಕೋರ್ಟು ಸ್ವಯಂಪ್ರೇರಿತವಾಗಿ ಪ್ರಕರಣವನ್ನು ಕೈಗೆತ್ತಿಕೊಂಡಿತು. ಅಂತಹ ತಾಣಗಳನ್ನು ಮುಚ್ಚಿಸಲಾಯಿತು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯು ಮನೋರೋಗಿಗಳನ್ನು ಯಾವುದೇ ರೂಪದಲ್ಲಿ ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿತು. ಆದರೆ ಆ 28 ಮಂದಿಯನ್ನು ಅಲ್ಲಿಗೆ ತಂದು ಬಿಟ್ಟವರು ಯಾರು? ಕಟುಕರಲ್ಲ, ಅವರವರ ಮನೆಯವರೇ. ಪ್ರೀತಿ ಇದ್ದವರು, ಹರಕೆ ಹೊತ್ತವರು. ಬೇರೆ ದಾರಿ ಯಾವುದೆಂದು ಹೇಳುವವರು ಯಾರೂ ಇಲ್ಲದ್ದರಿಂದ ಅವರು ದರ್ಗಾದ ಅಂಗಳವನ್ನು ಹುಡುಕಿಕೊಂಡು ಹೋಗಿದ್ದರು.

ನಮ್ಮ ಮಲೆನಾಡಿನಲ್ಲಿ ಸರಪಳಿ ಇಲ್ಲದಿರಬಹುದು. ಆದರೆ ಮನಸ್ಸು ಕದಡಿದ ಯುವಕನಿಗೆ ಮೊದಲು ತಾಯತ, ಬಳಿಕ ಊದಿಸಿದ ನೀರು, ಅದೂ ಫಲಿಸದಿದ್ದರೆ ಜಿನ್ನ್ ಬಿಡಿಸುವವರ ಮನೆ, ಕೊನೆಗೆ ಒಂದು ಮದುವೆ ಎಂಬ ಕ್ರಮ ಇಂದಿಗೂ ಅಳಿದಿಲ್ಲ. (ಮದುವೆಯೆಂಬ ಈ ಔಷಧವನ್ನು ಕುಡಿಸಲಾಗುವುದು ರೋಗಿಗೆ, ಅದರ ಕಹಿಯನ್ನು ನುಂಗುವವಳು ಮಾತ್ರ ಯಾರದೋ ಮನೆಯ ಹೆಣ್ಣುಮಗಳು.) ಇದು ಮುಸ್ಲಿಮರ ಸಮಸ್ಯೆ ಮಾತ್ರವೆಂದು ಯಾರೂ ತಿಳಿಯಬೇಕಾಗಿಲ್ಲ. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆಯಿತ್ತು. ರೋಗಕ್ಕೆ ತಕ್ಕಂತೆ ಶೇ. 70ರಿಂದ 92ರಷ್ಟು ಮಂದಿ ಚಿಕಿತ್ಸೆಯಿಂದ ಹೊರಗುಳಿದಿದ್ದರು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ಅಂಕಿಅಂಶದಂತೆ ಆ ಒಂದೇ ವರ್ಷ ಕರ್ನಾಟಕದಲ್ಲಿ 13,606 ಮಂದಿ ಆತ್ಮಹತ್ಯೆ ಮಾಡಿಕೊಂಡಿದ್ದರು.

ಈ ವಿದ್ಯೆ ಪಶ್ಚಿಮದಿಂದ ಬಂದದ್ದು, ದೀನ್‌ನಿಂದ ದೂರ ಮಾಡುವಂಥದ್ದು ಎಂಬ ಆಕ್ಷೇಪ ನಮ್ಮ ಕೆಲವು ಹಿರಿಯರಲ್ಲಿದೆ. ಅವರಿಗೆ ಬಲ್ಖ್‌ನ ಅಬೂ ಝೈದ್‌ರನ್ನು ನೆನಪಿಸೋಣ. ಕ್ರಿ.ಶ. 934ರಲ್ಲಿ ನಿಧನರಾದ ಈ ವಿದ್ವಾಂಸರು ಶರೀರ ಮತ್ತು ಆತ್ಮಗಳ ಪೋಷಣೆಯ ಬಗ್ಗೆ ಬರೆದ ಗ್ರಂಥದ ಒಂದು ಭಾಗ ಪೂರ್ತಿಯಾಗಿ ಮನಸ್ಸಿನ ಆರೋಗ್ಯಕ್ಕೇ ಮೀಸಲು. ಸಿಟ್ಟು, ಭಯ, ದುಃಖ ಮತ್ತು ವಸ್ವಾಸ್ ಎಂಬ ನಾಲ್ಕನ್ನು ಅವರು ಬೇರೆಬೇರೆಯಾಗಿ ಚರ್ಚಿಸುತ್ತಾರೆ. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ತಿಳಿಯದೆ ಶರೀರದೊಳಗಿಂದ ಬರುವ ದುಃಖ ಬೇರೆ, ಎರಡಕ್ಕೂ ಚಿಕಿತ್ಸೆ ಬೇರೆ ಎಂದು ಅಷ್ಟು ಹಿಂದೆಯೇ ಬರೆದಿಟ್ಟರು. ಸುಡಾನಿನ ಮನಶ್ಶಾಸ್ತ್ರಜ್ಞ ಮಾಲಿಕ್ ಬದ್ರಿ 2013ರಲ್ಲಿ ಆ ಭಾಗವನ್ನು ಇಂಗ್ಲಿಷ್‌ಗೆ ತಂದರು. ಮುಸ್ಲಿಮ್ ಮನಶ್ಶಾಸ್ತ್ರಜ್ಞರು ಪಶ್ಚಿಮದ ಸಿದ್ಧಾಂತಗಳನ್ನು ಕಣ್ಣುಮುಚ್ಚಿ ನುಂಗಬಾರದೆಂದು 1979ರಲ್ಲೇ ಪುಸ್ತಕ ಬರೆದು ಎಚ್ಚರಿಸಿದವರೂ ಇದೇ ಬದ್ರಿ. ಆದರೆ ಅವರು ವಿದ್ಯೆಯನ್ನು ತೊರೆಯಿರೆಂದು ಹೇಳಲಿಲ್ಲ. 2021ರಲ್ಲಿ ನಿಧನರಾಗುವ ವರೆಗೂ ಅದನ್ನು ಕಲಿಸುತ್ತಾ ಬಂದರು.

ವಸ್ವಾಸ್ ಎಂಬ ಪದ ನಮ್ಮ ಓದುಗರಿಗೆ ಹೊಸತಲ್ಲ. ವುಝೂ ಸರಿಯಾಯಿತೋ ಇಲ್ಲವೋ ಎಂಬ ಶಂಕೆಯಲ್ಲಿ ಹತ್ತು ಬಾರಿ ಕೈಕಾಲು ತೊಳೆಯುವವರು, ನಮಾಝ್‌ನ ನಿಯ್ಯತ್ ಕಟ್ಟಿ ಕಟ್ಟಿ ಬಿಚ್ಚುವವರು ಪ್ರತಿಯೊಂದು ಮಸೀದಿಯಲ್ಲೂ ಒಬ್ಬರಾದರೂ ಇರುತ್ತಾರೆ. ಶೈತಾನನ ಪ್ರೇರಣೆಯೆಂದು ಹೇಳಿ ಅವರನ್ನು ಕಳುಹಿಸುವುದು ಸುಲಭ. ಪ್ರಾರ್ಥನೆಯ ಫಲವನ್ನಾಗಲಿ ರುಕ್ಯಾವನ್ನಾಗಲಿ ನಾವು ನಿರಾಕರಿಸುತ್ತಿಲ್ಲ. ಆದರೆ ಈ ಶಂಕೆ ಒಂದು ಹಂತ ದಾಟಿದರೆ ಅದು ಗೀಳು ಕಾಯಿಲೆ. ಔಷಧ ಮತ್ತು ವರ್ತನಾ ಚಿಕಿತ್ಸೆ ಎರಡೂ ಇಂದು ಲಭ್ಯವಿವೆ. ಆ ಚಿಕಿತ್ಸೆಯಲ್ಲಿ ರೋಗಿಯು ತನ್ನ ಶಂಕೆಯನ್ನು ಎದುರಿಸಿಯೂ ಮತ್ತೆ ತೊಳೆಯದೆ ಇರುವುದನ್ನು ಹಂತಹಂತವಾಗಿ ಅಭ್ಯಾಸ ಮಾಡಬೇಕಾಗುತ್ತದೆ. ವುಝೂವಿನ ಫರ್ಝ್‌ಗಳು ಎಷ್ಟು, ಎಷ್ಟು ಬಾರಿ ತೊಳೆದರೆ ಸಾಕು ಎಂಬುದನ್ನು ಅರಿಯದ ಚಿಕಿತ್ಸಕರು ಇಲ್ಲಿ ತಡವರಿಸುತ್ತಾರೆ. ವರ್ತನಾ ಚಿಕಿತ್ಸೆಯನ್ನು ಅರಿಯದ ಮೌಲವಿಯವರೂ ತಡವರಿಸುತ್ತಾರೆ. ಎರಡನ್ನೂ ಬಲ್ಲ ಒಬ್ಬಳು ಹೆಣ್ಣುಮಗಳು ಕಮ್ಮರಡಿಯಿಂದ ಬಂದರೆ?

ಹಾಗಿದ್ದರೆ ಆಕೆ ನಡೆಯಬೇಕಾದ ದಾರಿ ಎಷ್ಟು ಉದ್ದದ್ದು? ಇದನ್ನು ಹೆತ್ತವರು ಮೊದಲೇ ತಿಳಿದುಕೊಳ್ಳುವುದು ಅಗತ್ಯ. ಮನೋವೈದ್ಯರಾಗಲು ಎಂಬಿಬಿಎಸ್ ಬೇಕು, ಆ ಬಳಿಕ ಎಂ.ಡಿ. ಔಷಧ ಬರೆಯುವ ಅಧಿಕಾರ ಅವರದು. ಮನಶ್ಶಾಸ್ತ್ರಜ್ಞರದು ಬೇರೆಯೇ ವೃತ್ತಿ. ಪರೀಕ್ಷೆಗಳ ಮೂಲಕ ಸಮಸ್ಯೆಯನ್ನು ಅಳೆಯುವುದು ಹಾಗೂ ಮಾತು ಮತ್ತು ಅಭ್ಯಾಸಗಳ ಮೂಲಕ ಚಿಕಿತ್ಸೆ ನೀಡುವುದು ಅವರ ಕೆಲಸ. ಇದಕ್ಕೆ ಬಿ.ಎ. ಅಥವಾ ಬಿ.ಎಸ್ಸಿ. ಕೇವಲ ಹೊಸ್ತಿಲು. ಅದರ ಮೇಲೆ ಎರಡು ವರ್ಷದ ಎಂ.ಎ. ಅಥವಾ ಎಂ.ಎಸ್ಸಿ. ಬೇಕು. ಅಲ್ಲಿಗೂ 'ಕ್ಲಿನಿಕಲ್ ಸೈಕಾಲಜಿಸ್ಟ್' ಎಂದು ಬೋರ್ಡು ಹಾಕಲು ಹಕ್ಕು ಸಿಗುವುದಿಲ್ಲ. 1992ರ ಕಾಯ್ದೆಯಡಿ ರಚನೆಯಾದ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಮಾನ್ಯ ಮಾಡಿದ ಆಸ್ಪತ್ರೆ ಆಧಾರಿತ ತರಬೇತಿ ಪಡೆದು ಅದರ ನೋಂದಣಿ ಪುಸ್ತಕದಲ್ಲಿ ಹೆಸರು ದಾಖಲಿಸಿಕೊಳ್ಳಬೇಕು. ದಶಕಗಳ ಕಾಲ ಈ ತರಬೇತಿಯ ಹೆಸರು ಎಂ.ಫಿಲ್. ಎಂದಿತ್ತು. ಅದಕ್ಕೆ ಸೇರಲು ಸ್ನಾತಕೋತ್ತರ ಪದವಿಯಲ್ಲಿ ಕನಿಷ್ಠ ಶೇ. 55 ಅಂಕ ಬೇಕಿತ್ತು. ಮೂರು, ಎರಡು, ಮತ್ತೆರಡು. ಒಟ್ಟು ಏಳು ವರ್ಷ.

ಈಗ ಈ ದಾರಿಯೇ ತಿರುವಿನಲ್ಲಿದೆ. ಯುಜಿಸಿಯು 2022ರ ನಿಯಮಾವಳಿಯಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು. ಆದರೆ ಕ್ಲಿನಿಕಲ್ ಸೈಕಾಲಜಿಗೆ 2025-26ರ ಶೈಕ್ಷಣಿಕ ವರ್ಷದ ತನಕ ವಿನಾಯಿತಿ ಕೊಟ್ಟಿತು. ಆರ್‌ಸಿಐ ಪದವಿ ಮತ್ತು ಸ್ನಾತಕೋತ್ತರ ಹಂತದಲ್ಲೇ ಹೊಸ ಕೋರ್ಸುಗಳನ್ನು ರೂಪಿಸುವತ್ತ ಹೊರಳಿದೆ. ಇದರ ಜೊತೆಗೆ 2021ರ ಅಲೈಡ್ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯು ಮನಶ್ಶಾಸ್ತ್ರಜ್ಞರನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಯಾರೂ ಎಲ್ಲಿ ಬೇಕಾದರೂ ಒಂದು ಸರ್ಟಿಫಿಕೇಟು ತೂಗುಹಾಕಿ ಆಪ್ತಸಮಾಲೋಚಕರಾಗುವ ಕಾಲ ಮುಗಿಯುತ್ತಿದೆ ಎಂದೇ ಇದರ ಅರ್ಥ. ಇಂದು ಬಿ.ಎ.ಗೆ ಸೇರುವ ಹುಡುಗಿ ಹೊರಬರುವ ಹೊತ್ತಿಗೆ ನಿಯಮಗಳು ಇಂದಿಗಿಂತ ಬಿಗಿಯಾಗಿರುತ್ತವೆ, ಸಡಿಲವಂತೂ ಆಗಿರುವುದಿಲ್ಲ. ಆದ್ದರಿಂದ ಇಂದು ಆರಿಸುವ ಪದವಿ ನಾಳೆಯ ಯಾವ ಬಾಗಿಲಲ್ಲೂ 'ಇದು ನಡೆಯುವುದಿಲ್ಲ' ಎನಿಸಿಕೊಳ್ಳದಂಥದ್ದಾಗಿರಬೇಕು. ವಿಶ್ವವಿದ್ಯಾನಿಲಯದ ಆಯ್ಕೆಯಲ್ಲಿ ಇದೇ ಮೊದಲ ಮಾನದಂಡವೆಂದು ನಾವು ಭಾವಿಸುತ್ತೇವೆ. ಕಟ್ಟಡ, ಜಾಹೀರಾತು, ಪ್ಲೇಸ್‌ಮೆಂಟಿನ ಚಿತ್ರಗಳೆಲ್ಲಾ ಆ ಬಳಿಕದ ಮಾತು.

ಈ ಮಾನದಂಡದಲ್ಲಿ ಮೊದಲು ಸೋಲುವುದು ದೂರ ಶಿಕ್ಷಣ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಯಾಕೆಂದರೆ ಹೆಣ್ಣುಮಕ್ಕಳ ಹೆತ್ತವರಿಗೆ ಅತ್ಯಂತ ಪ್ರಿಯವಾದ ದಾರಿ ಇದೇ. ಮಗಳು ಮನೆಯಲ್ಲೇ ಇರುತ್ತಾಳೆ, ಹಾಸ್ಟೆಲಿನ ಚಿಂತೆಯಿಲ್ಲ, ವರ್ಷಕ್ಕೊಮ್ಮೆ ಪರೀಕ್ಷೆ ಬರೆದರೆ ಪದವಿ. 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮೇಲೆ ಸಾವಿರಾರು ಕುಟುಂಬಗಳು ನಂಬಿಕೆಯಿಟ್ಟಿದ್ದವು. ತನ್ನ ವ್ಯಾಪ್ತಿಯ ಹೊರಗೆ ಖಾಸಗಿ ಕೇಂದ್ರಗಳ ಮೂಲಕ ಕೋರ್ಸುಗಳನ್ನು ನಡೆಸಿದ ಕಾರಣಕ್ಕೆ, 2012-13ರ ಬಳಿಕ ಅದಕ್ಕೆ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಘೋಷಿಸಿತು. ಅಷ್ಟರಲ್ಲಿ ಶುಲ್ಕ ಕಟ್ಟಿ ಪರೀಕ್ಷೆ ಬರೆದವರು ತಮ್ಮದಲ್ಲದ ತಪ್ಪಿಗೆ ವರ್ಷಗಟ್ಟಲೆ ಅತಂತ್ರರಾದರು. ಮಾನ್ಯತೆ ಮರಳಿದ್ದು 2018ರಲ್ಲಿ. ಆ ವಿಶ್ವವಿದ್ಯಾನಿಲಯ ಇಂದು ಮಾನ್ಯತೆಯೊಂದಿಗೆ ಕಾರ್ಯ ನಿರ್ವಹಿಸುತ್ತಿದೆ, ಅದರ ಹೆಸರು ಕೆಡಿಸುವುದು ನಮ್ಮ ಉದ್ದೇಶವಲ್ಲ. ಆದರೆ ಸರಕಾರವೇ ಸ್ಥಾಪಿಸಿದ ಸಂಸ್ಥೆಯಲ್ಲೂ ಹೀಗಾಗಬಹುದು ಎಂಬುದನ್ನು ಮರೆಯಬಾರದು.

ಮನಶ್ಶಾಸ್ತ್ರದ ಮಟ್ಟಿಗಂತೂ ಈ ಚರ್ಚೆಗೇ ಇನ್ನು ಅವಕಾಶವಿಲ್ಲ. 2025ರ ಆಗಸ್ಟ್‌ನಲ್ಲಿ ಯುಜಿಸಿಯು ಮೇಲೆ ಹೇಳಿದ 2021ರ ಕಾಯ್ದೆಯ ವ್ಯಾಪ್ತಿಗೆ ಬರುವ ವಿಷಯಗಳನ್ನು ದೂರ ಶಿಕ್ಷಣ ಮತ್ತು ಆನ್‌ಲೈನ್ ಕ್ರಮದಲ್ಲಿ ಕಲಿಸಬಾರದೆಂದು ಎಲ್ಲ ವಿಶ್ವವಿದ್ಯಾನಿಲಯಗಳಿಗೂ ಸೂಚಿಸಿತು. ಆ ಪಟ್ಟಿಯಲ್ಲಿ ಮನಶ್ಶಾಸ್ತ್ರವೂ ಇದೆ. 2025ರ ಜುಲೈ-ಆಗಸ್ಟ್ ಅವಧಿಯಿಂದಲೇ ಹೊಸ ಪ್ರವೇಶಕ್ಕೆ ಇದು ಅನ್ವಯ. ಹೀಗಿರುತ್ತಾ ಯಾವುದೋ ದೂರದ ರಾಜ್ಯದ ಹೆಸರು ಹೇಳಿಕೊಂಡು ಪೇಟೆಯ ಮಹಡಿಯೊಂದರಲ್ಲಿ ಕಚೇರಿ ತೆರೆದ ಏಜೆಂಟರು, 'ಮನೆಯಲ್ಲೇ ಕುಳಿತು ಸೈಕಾಲಜಿ ಪದವಿ' ಎಂದರೆ ಹೆತ್ತವರು ಹಣ ಕಟ್ಟುವ ಮೊದಲು ಈ ಸೂಚನೆಯನ್ನು ಅವರ ಮುಂದಿಡಲಿ. ಯುಜಿಸಿ ಕಾಲಕಾಲಕ್ಕೆ ಪ್ರಕಟಿಸುವ ನಕಲಿ ವಿಶ್ವವಿದ್ಯಾನಿಲಯಗಳ ಪಟ್ಟಿಯಲ್ಲಿ ನಮ್ಮದೇ ಬೆಳಗಾವಿ ಜಿಲ್ಲೆಯ ಸಂಸ್ಥೆಯೊಂದರ ಹೆಸರು ವರ್ಷಗಟ್ಟಲೆ ಇತ್ತು. ಮೋಸ ಎಲ್ಲೋ ದೂರದ ಬಿಹಾರದಲ್ಲಿ ಮಾತ್ರ ನಡೆಯುತ್ತದೆಂದು ಭಾವಿಸಬೇಕಾಗಿಲ್ಲ.

ಇನ್ನು ನೇರ ಶಿಕ್ಷಣ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮಕ್ಕಳು ಸಹಜವಾಗಿ ಸೇರುವುದು ಕುವೆಂಪು ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ. 1987ರಲ್ಲಿ ಶಂಕರಘಟ್ಟದಲ್ಲಿ ಆರಂಭವಾದ ಈ ವಿ.ವಿ.ಗೆ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳು ಸೇರುತ್ತವೆ. ಆದರೆ ತಾಲೂಕು ಕೇಂದ್ರಗಳ ಹೆಚ್ಚಿನ ಪದವಿ ಕಾಲೇಜುಗಳಲ್ಲಿ ಕಲಾ ವಿಭಾಗವೆಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಮತ್ತು ಕನ್ನಡ. ಮನಶ್ಶಾಸ್ತ್ರ ಬೇಕೆಂದರೆ ಶಿವಮೊಗ್ಗದವರೆಗಾದರೂ ಹೋಗಬೇಕು. ಅಲ್ಲಿ ಮನೋವೈದ್ಯ ಡಾ. ಅಶೋಕ್ ಪೈಯವರ ಹೆಸರಿನ ಕಟೀಲ್ ಅಶೋಕ್ ಪೈ ಸ್ಮಾರಕ ಕಾಲೇಜು ಇದೇ ವಿ.ವಿ.ಯ ಅಧೀನದಲ್ಲಿ ಮನಶ್ಶಾಸ್ತ್ರ ಕಲಿಸುತ್ತದೆ. 2016ರಲ್ಲಿ ನಿಧನರಾದ ಪೈಯವರು ಮನೋರೋಗದ ಬಗ್ಗೆ ಕನ್ನಡದಲ್ಲಿ ನಿರಂತರ ಬರೆದವರು, 'ಕಾಡಿನ ಬೆಂಕಿ'ಯಂತಹ ಚಲನಚಿತ್ರಗಳ ಮೂಲಕ ವಿಷಯವನ್ನು ಜನರ ಮುಂದಿಟ್ಟವರು. ಮಲೆನಾಡಿನ ರೋಗಿಗಳನ್ನು ಕಂಡ ಪರಂಪರೆಯೊಂದು ಅಲ್ಲಿದೆ. ಮನೆಯಿಂದ ಬೆಳಗ್ಗೆ ಹೊರಟರೆ ಸಂಜೆಗೆ ಮರಳಿ ಬರಬಹುದಾದ ದೂರ ಎಂಬುದು ಮನೆಯವರ ಪಾಲಿಗೆ ಸಣ್ಣ ಸಂಗತಿಯಲ್ಲ.

ಸ್ವಲ್ಪ ದೂರ ಕಳುಹಿಸಲು ಸಿದ್ಧರಿರುವವರಿಗೆ ಮೈಸೂರನ್ನು ನಾವು ಒತ್ತಿ ಹೇಳುತ್ತೇವೆ. ಅದಕ್ಕೆ ಕಾರಣವಿದೆ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿ.ವಿ.ಯ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಕಲ್ಕತ್ತದ ಬಳಿಕ ದೇಶದಲ್ಲಿ ಅದು ಎರಡನೆಯದು. ಆಗ ಕುಲಪತಿಯಾಗಿದ್ದವರು ತತ್ವಜ್ಞಾನಿ ಬ್ರಜೇಂದ್ರನಾಥ ಸೀಲ್. ಕಲ್ಕತ್ತ ವಿ.ವಿ.ಗಾಗಿ ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮವನ್ನು 1905ರಲ್ಲೇ ಸಿದ್ಧಪಡಿಸಿದವರೂ ಅವರೇ. ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್‌ರ ಬಳಿ ಕಲಿತು ಬಂದವರು. 1935ರಲ್ಲಿ, ಮಿರ್ಝಾ ಇಸ್ಮಾಯಿಲ್‌ರು ದಿವಾನರಾಗಿದ್ದ ಕಾಲದಲ್ಲಿ, ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದು ಅದನ್ನು 'ಆಕಾಶವಾಣಿ' ಎಂದು ಕರೆದವರೂ ಈ ಮನಶ್ಶಾಸ್ತ್ರದ ಮೇಷ್ಟ್ರೇ. ಭಾರತ ಸರಕಾರ ತನ್ನ ರೇಡಿಯೋಗೆ ಆ ಹೆಸರನ್ನು ಪಡೆದುಕೊಂಡದ್ದು ಎಷ್ಟೋ ವರ್ಷಗಳ ಬಳಿಕ. ಹಳೆಯ ಕೀರ್ತಿಯಿಂದ ಇಂದಿನ ತರಗತಿ ನಡೆಯುವುದಿಲ್ಲ, ನಿಜ. ಆದರೆ ಸರಕಾರಿ ವಿ.ವಿ.ಯೊಂದರ ಪದವಿ ಕಾಲೇಜಿನಿಂದ ಹಿಡಿದು ಮಾನಸ ಗಂಗೋತ್ರಿಯ ಸ್ನಾತಕೋತ್ತರ ವಿಭಾಗದ ವರೆಗೆ ಒಂದೇ ಊರಿನಲ್ಲಿ, ಕಡಿಮೆ ಶುಲ್ಕದಲ್ಲಿ ದಾರಿ ತೆರೆದಿರುವುದು ಬಡ ಮತ್ತು ಮಧ್ಯಮ ವರ್ಗಕ್ಕೆ ದೊಡ್ಡ ಅನುಕೂಲ.

ಧಾರವಾಡಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕರ್ನಾಟಕ ವಿ.ವಿ.ಯಲ್ಲಿ ಮನಶ್ಶಾಸ್ತ್ರ ವಿಭಾಗವಿದೆ, ಅದೇ ಊರಿನ ಡಿಮ್ಹಾನ್ಸ್‌ನಲ್ಲಿ ಆಸ್ಪತ್ರೆಯಿದೆ, ಕ್ಲಿನಿಕಲ್ ತರಬೇತಿಯೂ ಇದೆ. ಮಂಗಳೂರಿನಲ್ಲಿ 1960ರಲ್ಲಿ ಆರಂಭವಾದ ರೋಶನಿ ನಿಲಯ ಮತ್ತು ಸಂತ ಆಗ್ನೆಸ್‌ನಂತಹ ಸಂಸ್ಥೆಗಳಿವೆ. ಬ್ಯಾರಿ ಕುಟುಂಬಗಳಿಗೆ ಅಲ್ಲಿ ಬಂಧುಬಳಗವೂ ಇರುತ್ತದೆ. ಮಣಿಪಾಲದ ವಿಭಾಗ ಒಳ್ಳೆಯದು, ಶುಲ್ಕ ಭಾರೀ. ಬೆಂಗಳೂರಿನ ದೊಡ್ಡ ಖಾಸಗಿ ವಿ.ವಿ.ಗಳ ಬಗ್ಗೆ ನಮ್ಮ ಅಭಿಪ್ರಾಯ ಇಷ್ಟೇ: ಮೊದಲ ಪದವಿಗೇ ಅಲ್ಲಿ ಲಕ್ಷಗಟ್ಟಲೆ ಸುರಿದು, ನಿಜವಾಗಿ ಬೇಕಾಗುವ ಐದನೆಯ, ಆರನೆಯ ವರ್ಷಕ್ಕೆ ಕೈ ಬರಿದಾಗುವುದಕ್ಕಿಂತ ಹಣವನ್ನು ಆ ಕೊನೆಯ ಹಂತಕ್ಕೆ ಉಳಿಸಿಕೊಳ್ಳುವುದು ಜಾಣತನ. ಎಂ.ಎ. ಬಳಿಕ ನಿಮ್ಹಾನ್ಸ್‌ನ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಲು ಬೇಕಾದದ್ದು ಪುಸ್ತಕ ಮತ್ತು ಪರಿಶ್ರಮ. ಅಲ್ಲಿ ಹಳೆಯ ಕಾಲೇಜಿನ ಗೇಟಿನ ಎತ್ತರವನ್ನು ಯಾರೂ ಕೇಳುವುದಿಲ್ಲ.

ಅಲೀಗಢ ಮತ್ತು ಜಾಮಿಯಾ ಮಿಲ್ಲಿಯಾಗಳ ಮೇಲೆ ನಮ್ಮವರಿಗೆ ವಿಶೇಷ ಅಭಿಮಾನ. ಎರಡೂ ಕಡೆ ಮನಶ್ಶಾಸ್ತ್ರ ವಿಭಾಗಗಳಿವೆ, ಕೇಂದ್ರೀಯ ವಿ.ವಿ.ಗಳಾದುದರಿಂದ ಶುಲ್ಕವೂ ಕಡಿಮೆ. ಮದ್ರಸ ಶಿಕ್ಷಣ ಪೂರೈಸಿದ ಹುಡುಗರಿಗೆ ಆ ಬಾಗಿಲುಗಳು ಇತರೆಡೆಗಿಂತ ಹೆಚ್ಚು ತೆರೆದಿವೆ ಎಂಬುದೂ ಗಮನಾರ್ಹ. ಅಂಥವರು ಹೋಗಲಿ, ಹೋಗಬೇಕು. ಆದರೆ ಕಮ್ಮರಡಿಯ ಮಗಳ ಮಟ್ಟಿಗೆ ನಮಗೆ ಒಂದು ಹಿಂಜರಿಕೆಯಿದೆ, ಅದು ಭಾಷೆಗೆ ಸಂಬಂಧಿಸಿದ್ದು. ಮನಶ್ಶಾಸ್ತ್ರಜ್ಞರ ಕೈಯಲ್ಲಿ ಸ್ಟೆತಾಸ್ಕೋಪ್ ಇಲ್ಲ, ಮಾತೇ ಅವರ ಉಪಕರಣ. 'ಎದೆಯಲ್ಲಿ ಉರಿ', 'ತಲೆ ಖಾಲಿ ಖಾಲಿ', 'ಯಾರೋ ಮಾಡಿಸಿದ್ದಾರೆ' ಎಂದು ನಮ್ಮ ತಾಯಂದಿರು ಹೇಳುವ ಸಂಕಟವನ್ನು ಅವರ ಭಾಷೆಯಲ್ಲೇ ಕೇಳಿಸಿಕೊಂಡು ಕಲಿತವರಿಗೆ ಮಾತ್ರ ಅದರ ಹಿಂದೆ ಖಿನ್ನತೆಯಿದೆಯೋ ಅತ್ತೆಮನೆಯ ಹಿಂಸೆಯಿದೆಯೋ ತಿಳಿಯುತ್ತದೆ. 1930ರ ದಶಕದಲ್ಲೇ ವಿ.ವಿ. ಕಾಮತ್‌ರು ಬುದ್ಧಿಮತ್ತೆಯನ್ನು ಅಳೆಯುವ ಬಿನೆ ಪರೀಕ್ಷೆಯನ್ನು ಕನ್ನಡ ಹಾಗೂ ಮರಾಠಿಗೆ ಅಳವಡಿಸಿದ್ದರು. ಇಂಗ್ಲಿಷಿನ ಪ್ರಶ್ನೆಯನ್ನು ಕನ್ನಡದ ಮಗುವಿಗೆ ಕೇಳಿ, ಉತ್ತರ ಬರಲಿಲ್ಲವೆಂದು ಅದನ್ನು ದಡ್ಡನೆಂದು ಬರೆದಿಡಬಾರದೆಂಬ ವಿವೇಕ ಅದರ ಹಿಂದಿತ್ತು. ಊರಿಗೆ ಮರಳಿ ಸೇವೆ ಸಲ್ಲಿಸುವ ಉದ್ದೇಶವಿರುವವರು ಕನ್ನಡ ನಾಡಿನ ಆಸ್ಪತ್ರೆಗಳಲ್ಲೇ ಪಳಗುವುದು ಒಳ್ಳೆಯದು. ಪಠ್ಯ ಇಂಗ್ಲಿಷಿನಲ್ಲಿರಬಹುದು. ಡಾ. ಸಿ.ಆರ್. ಚಂದ್ರಶೇಖರ್ ಅವರಂತಹ ಮನೋವೈದ್ಯರು ಕನ್ನಡದಲ್ಲಿ ಬರೆದ ಪುಸ್ತಕಗಳನ್ನು ಪಿಯುಸಿಯ ಬಳಿಕದ ಈ ರಜೆಯಲ್ಲೇ ಓದತೊಡಗಿದರೆ, ಆಸಕ್ತಿ ನಿಜವಾದದ್ದೋ ಗೆಳತಿಯರನ್ನು ನೋಡಿ ಹುಟ್ಟಿದ್ದೋ ಎಂಬುದೂ ಸ್ಪಷ್ಟವಾಗುತ್ತದೆ.

ಕಾಲೇಜನ್ನು ನೋಡಲು ಹೋದಾಗ ಏನು ಕೇಳಬೇಕು? ಮನಶ್ಶಾಸ್ತ್ರದ ಪ್ರಯೋಗಾಲಯ ತೋರಿಸಿ ಎನ್ನಿ. ಇದು ಕೇವಲ ಪುಸ್ತಕದ ವಿಷಯವಲ್ಲ, ಸ್ಮರಣೆ, ಗ್ರಹಿಕೆ, ಪ್ರತಿಕ್ರಿಯೆಯ ವೇಗಗಳನ್ನು ಅಳೆಯುವ ಪ್ರಯೋಗಗಳಿವೆ, ಅಂಕಗಳೂ ಇವೆ. ಬೀಗ ಹಾಕಿದ ಕೋಣೆಯ ಕೀಲಿಕೈ ಹುಡುಕಲು ಅರ್ಧ ಗಂಟೆ ಹಿಡಿದರೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ. ವಿಷಯವನ್ನು ಕಲಿಸುವ ಖಾಯಂ ಅಧ್ಯಾಪಕರೆಷ್ಟು, ಮೂರೂ ವರ್ಷ ಮನಶ್ಶಾಸ್ತ್ರವನ್ನು ಪ್ರಧಾನ ವಿಷಯವಾಗಿ ಓದಬಹುದೇ ಎಂದೂ ಕೇಳಿ. 2021-22ರಲ್ಲಿ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ರಿಂದ ಮತ್ತೆ ಮೂರು ವರ್ಷವಾಯಿತು. ಈ ಎಳೆದಾಟದಲ್ಲಿ ಕೆಲವು ಕಡೆ ವಿಷಯಗಳ ಜೋಡಣೆಯೇ ಬದಲಾಗಿದೆ. ಅಣ್ಣನೋ ಅಕ್ಕನೋ ಕಲಿತಾಗ ಇದ್ದದ್ದು ಈಗ ಇಲ್ಲದಿರಬಹುದು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೆರಡು ಮಾತುಗಳನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. 2022ರ ಜನವರಿಯಲ್ಲಿ ಕೊಪ್ಪದ ಬಾಳಗಡಿಯ ಸರಕಾರಿ ಪದವಿ ಕಾಲೇಜಿನಲ್ಲಿ ಶಿರವಸ್ತ್ರದ ವಿರುದ್ಧ ಕೇಸರಿ ಶಾಲು ಕಾಣಿಸಿಕೊಂಡಿತ್ತು. ಬಳಿಕ ಉಡುಪಿಯಿಂದ ಆರಂಭಿಸಿ ರಾಜ್ಯವಿಡೀ ಏನಾಯಿತೆಂಬುದನ್ನು ಓದುಗರು ಬಲ್ಲರು. ಆ ವರ್ಷದ ಮಾರ್ಚ್ 15ರಂದು ಹೈಕೋರ್ಟು ಸರಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಆ ನೆನಪು ಹೆತ್ತವರ ಮನಸ್ಸಿನಿಂದ ಮಾಸಿಲ್ಲ, ಮಾಸಬೇಕೆಂದು ಹೇಳುವ ಹಕ್ಕು ಕೂಡಾ ಯಾರಿಗೂ ಇಲ್ಲ. ಆದರೆ ಅದೇ ಕಾರಣ ಹೇಳಿ ಮಗಳನ್ನು ಮನೆಯಲ್ಲೇ ಕ‌ೂರಿಸಿದರೆ ಶಾಲು ಹೊದೆಸಿದವರ ಉದ್ದೇಶ ಈಡೇರಿದಂತಾಯಿತು. ಪ್ರವೇಶಕ್ಕೆ ಮುನ್ನವೇ ಪ್ರಾಂಶುಪಾಲರಲ್ಲಿ ಸಮವಸ್ತ್ರದ ನಿಯಮವನ್ನು ನೇರವಾಗಿ ಕೇಳಿ, ವಿವರಣಾ ಪುಸ್ತಿಕೆಯಲ್ಲಿ ಬರೆದಿರುವುದನ್ನು ಓದಿ, ಬಳಿಕ ತೀರ್ಮಾನಿಸಿ. ಒಂದು ಬಾಗಿಲು ಮುಚ್ಚಿದ್ದರೆ ಶಿವಮೊಗ್ಗವೂ ಇದೆ, ಮಂಗಳೂರೂ ಇದೆ.

ಎರಡನೆಯದು ಮದುವೆ. ಏಳು ವರ್ಷವೆಂದರೆ ಹದಿನೆಂಟರ ಹುಡುಗಿಗೆ ಇಪ್ಪತ್ತೈದು. ಅಂತಿಮ ಬಿ.ಎ. ಮುಗಿಯುವ ಮೊದಲೇ ನಿಶ್ಚಿತಾರ್ಥ ಮಾಡುವ ಲೆಕ್ಕಾಚಾರ ಹೆತ್ತವರ ಮನಸ್ಸಿನಲ್ಲಿದ್ದರೆ ಅದನ್ನು ಇಂದೇ ಮಗಳಲ್ಲಿ ಹೇಳಿಬಿಡುವುದು ನ್ಯಾಯ. ಹೇಳದೆ ಸೇರಿಸಿ, ನಡುವಿನಲ್ಲಿ ನಿಲ್ಲಿಸಿದರೆ ಬಿ.ಎ.ಯಷ್ಟೇ ಕೈಯಲ್ಲಿ ಉಳಿಯುತ್ತದೆ, ವೃತ್ತಿ ಉಳಿಯುವುದಿಲ್ಲ. ನಿಕಾಹ್‌ನ ವೇಳೆ ಶರತ್ತು ವಿಧಿಸಲು ಶರೀಅತ್‌ನಲ್ಲಿ ಅವಕಾಶವಿದೆ. ಮಹ್ರ್ ಮತ್ತು ಬಂಗಾರದ ಬಗ್ಗೆ ತಾಸುಗಟ್ಟಲೆ ಮಾತಾಡುವ ನಮ್ಮ ಹಿರಿಯರು, 'ಆಕೆಯ ವ್ಯಾಸಂಗ ಮುಂದುವರಿಯಬೇಕು' ಎಂಬ ಒಂದು ವಾಕ್ಯವನ್ನು ವರನ ಕಡೆಯವರ ಮುಂದಿಡಲು ಯಾಕೆ ಅಂಜಬೇಕು? ಎಲ್ಲರೂ ಏಳು ವರ್ಷವನ್ನೂ ಪೂರೈಸಲೇಬೇಕೆಂದೇನೂ ಇಲ್ಲ. ಎಂ.ಎ.ಗೆ ನಿಲ್ಲಿಸಿದವರಿಗೂ ಶಾಲೆ, ಆಸ್ಪತ್ರೆ, ಸಖಿ ಕೇಂದ್ರಗಳಲ್ಲಿ ಆಪ್ತಸಮಾಲೋಚನೆಯ ಕೆಲಸವಿದೆ. ಎನ್‌ಇಟಿ ಅಥವಾ ಕೆ-ಸೆಟ್ ಬರೆದವರಿಗೆ ಅಧ್ಯಾಪನವಿದೆ. ತಲಾಕ್‌ನ ಅಂಚಿಗೆ ಬಂದ ದಂಪತಿಯನ್ನು ಜಮಾಅತ್ ಕಚೇರಿಯಲ್ಲಿ ಐದು ಮಂದಿ ಗಂಡಸರು ಕುಳಿತು ವಿಚಾರಿಸುವಾಗ, ಆ ಹೆಣ್ಣಿನ ಮಾತನ್ನು ಪ್ರತ್ಯೇಕವಾಗಿ ಕೇಳಿಸಿಕೊಳ್ಳಬಲ್ಲ ಕಲಿತ ಮಹಿಳೆಯೊಬ್ಬಳು ಇಲ್ಲದಿರುವುದು ಎಂಥ ಕೊರತೆಯೆಂಬುದನ್ನು ಜಮಾಅತ್‌ಗಳೇ ಹೇಳಲಿ.

ಆ ಮಹಿಳೆ ಸಿದ್ಧಳಾಗುವವರೆಗೆ ರೋಗಿಗಳು ಕಾಯುವಂತಿಲ್ಲ. 2014ರಲ್ಲಿ ರಾಜ್ಯ ಸರಕಾರ ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರ ಸೇವೆಯನ್ನು ಗೊತ್ತುಪಡಿಸಲಾಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಮಸೀದಿಯ ನೋಟಿಸ್ ಬೋರ್ಡಿನಲ್ಲಿ ಈ ಸಂಖ್ಯೆ ಬರೆಯಲು ಖರ್ಚೇನೂ ಇಲ್ಲ.

ಜಮಾಅತ್‌ಗಳಲ್ಲಿ ನಮ್ಮ ಬೇಡಿಕೆ ಇದಕ್ಕಿಂತ ಸ್ವಲ್ಪ ದೊಡ್ಡದು. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಬಾಲಕಿಯರ ವಸತಿ ನಿಲಯಗಳು ಜಿಲ್ಲಾ ಕೇಂದ್ರಗಳಲ್ಲಿವೆ. ಅರ್ಜಿಯ ಅವಧಿ ಮುಗಿದ ಮೇಲೆ ಪರದಾಡುವ ಬದಲು, ಪಿಯುಸಿ ಫಲಿತಾಂಶದ ವಾರದಲ್ಲೇ ಜುಮಾದ ಬಳಿಕ ಅದನ್ನು ಘೋಷಿಸಿ ಅರ್ಜಿ ತುಂಬಿಸಿಕೊಡಲಿ. ಸೀಟು ಸಿಗದ ಒಬ್ಬಳ ಹಾಸ್ಟೆಲ್ ವೆಚ್ಚವನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲೂಕುಗಳ ಜಮಾಅತ್‌ಗಳು ಸೇರಿ ಭರಿಸಲಿ. ಮೂರೂ ಒಂದೇ ವಿಧಾನಸಭಾ ಕ್ಷೇತ್ರಕ್ಕೆ ಸೇರಿದವು. ಮನಶ್ಶಾಸ್ತ್ರವಿಲ್ಲದ ಇಲ್ಲಿನ ಸರಕಾರಿ ಕಾಲೇಜುಗಳಲ್ಲಿ ಆ ವಿಷಯವನ್ನು ಆರಂಭಿಸಬೇಕೆಂದು ಶಾಸಕರಿಗೂ ಕಾಲೇಜು ಶಿಕ್ಷಣ ಇಲಾಖೆಗೂ ಒಂದು ಮನವಿ ಹೋಗಲಿ. ಅದಕ್ಕೆ ಹಿಂದೂ, ಕ್ರೈಸ್ತ ಹೆತ್ತವರ ಸಹಿಯೂ ಇರಲಿ, ಅವರ ಮಕ್ಕಳೂ ಇದೇ ಬಸ್ಸಿಗೆ ಕಾಯುತ್ತಿದ್ದಾರೆ.